ಲೀಸೆ ಮೈಟ್ನರ್

ಲೀಸೆ ಮೈಟ್ನರ್ (7 ನವೆಂಬರ್ 1878 – 27 ಅಕ್ಟೋಬರ್ 1968) ಆಸ್ಟ್ರಿಯಾದಲ್ಲಿ ಜನಿಸಿ, ಜರ್ಮನಿ ಮತ್ತು ಸ್ವೀಡನ್ ದೇಶಗಳಲ್ಲಿ ಸಂಶೋಧನೆ ನಡೆಸಿದ ಭೌತವಿಜ್ಞಾನಿ. ಯುರೇನಿಯಂ ಪರಮಾಣುವಿನ ಬೀಜವು ಎರಡು ಹೋಳಾಗಿ ಒಡೆಯುವ ಕ್ರಿಯೆಯನ್ನು, ಅಂದರೆ ಬೈಜಿಕ ವಿದಳನವನ್ನು, ತನ್ನ ಸೋದರಿಯ ಮಗ ಆಟೊ ಫ್ರಿಶ್ ಜೊತೆಗೂಡಿ ಮೊದಲು ವಿವರಿಸಿದವರು ಇವರೇ. ಸಾಮಾನ್ಯ ಓದುಗರಿಗೆ ಇವರ ಹೆಸರು ಪರಿಚಿತವಾಗಿರುವುದು ಈ ಕಾರಣದಿಂದ, ಮತ್ತು ಅದರ ನೊಬೆಲ್ ಪುರಸ್ಕಾರದಲ್ಲಿ ಇವರಿಗೆ ಪಾಲು ದೊರೆಯಲಿಲ್ಲ ಎಂಬ ಕಾರಣದಿಂದ. ಆದರೆ ವಿದಳನಕ್ಕೆ ಮುಂಚಿನ ಸುಮಾರು ಮೂವತ್ತು ವರ್ಷ ಇವರು ದುಡಿದದ್ದು ಮುಖ್ಯವಾಗಿ ಬೀಟಾ ಮತ್ತು ಗಾಮಾ ಕಿರಣಗಳ ರೋಹಿತದ ಮೇಲೆ. ವಿಕಿರಣಶೀಲ ಬೀಜವೊಂದು ಬೀಟಾ ಕ್ಷಯಕ್ಕೆ ಒಳಗಾದಾಗ ಗಾಮಾ ಕಿರಣ ಯಾವ ಹಂತದಲ್ಲಿ ಹೊರಡುತ್ತದೆ, ಶಕ್ತಿಯ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ, ತಾವೇ ಬಹುಕಾಲ ನಂಬಿದ್ದ ಸಿದ್ಧಾಂತವನ್ನು ತಮ್ಮದೇ ಪ್ರಯೋಗದಿಂದ ಕೈಬಿಡಬೇಕಾದ ಸ್ಥಿತಿಗೆ ಇವರು ಬಂದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮೈಟ್ನರ್ ವಿಯೆನ್ನಾದ ಯಹೂದಿ ಕುಟುಂಬವೊಂದರ ಎಂಟು ಮಕ್ಕಳಲ್ಲಿ ಮೂರನೆಯವರು. ತಂದೆ ಫಿಲಿಪ್ ಮೈಟ್ನರ್ ವಕೀಲರು. ಆ ಕಾಲದ ವಿಯೆನ್ನಾದಲ್ಲಿ ಹೆಣ್ಣುಮಕ್ಕಳ ಸಾರ್ವಜನಿಕ ಶಿಕ್ಷಣ ಹದಿನಾಲ್ಕನೆಯ ವಯಸ್ಸಿಗೆ ಮುಗಿಯುತ್ತಿತ್ತು. ಆಸ್ಟ್ರಿಯಾದ ವಿಶ್ವವಿದ್ಯಾಲಯಗಳು 1897ರಲ್ಲಿ ಮಹಿಳೆಯರಿಗೆ ಬಾಗಿಲು ತೆರೆದವಾದರೂ, ಪ್ರವೇಶ ಪರೀಕ್ಷೆಗೆ ಬೇಕಾದ ಪ್ರೌಢಶಾಲಾ ಪಾಠಗಳು ಅವರಿಗೆ ದೊರೆತಿರಲಿಲ್ಲ. ಮೈಟ್ನರ್ ಹಲವು ವರ್ಷಗಳ ಪಾಠವನ್ನು ಖಾಸಗಿಯಾಗಿ ಕಲಿತು 1901ರಲ್ಲಿ ಪರೀಕ್ಷೆಗೆ ಕುಳಿತರು. ಆ ಬಾರಿ ಹಾಜರಾದ ಹದಿನಾಲ್ಕು ಮಹಿಳೆಯರಲ್ಲಿ ತೇರ್ಗಡೆಯಾದವರು ನಾಲ್ವರು. ಅವರಲ್ಲಿ ಇವರೂ ಒಬ್ಬರು.

ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಲುಡ್ವಿಗ್ ಬೋಲ್ಟ್ಸ್‌ಮನ್ ಅವರ ಉಪನ್ಯಾಸಗಳು ಇವರನ್ನು ಭೌತವಿಜ್ಞಾನದ ಕಡೆಗೆ ಸಂಪೂರ್ಣವಾಗಿ ಸೆಳೆದವು. 1906ರಲ್ಲಿ, ಸಮರೂಪವಲ್ಲದ ವಸ್ತುಗಳಲ್ಲಿ ಉಷ್ಣ ಹರಿಯುವ ಬಗೆಯನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. ಆ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಎರಡನೆಯ ಮಹಿಳೆ ಇವರು. ಅದೇ ವರ್ಷ ಬೋಲ್ಟ್ಸ್‌ಮನ್ ಆತ್ಮಹತ್ಯೆ ಮಾಡಿಕೊಂಡರು. ಆಗ ವಿಯೆನ್ನಾದಲ್ಲಿದ್ದ ಸ್ಟೆಫಾನ್ ಮೇಯರ್ ಅವರ ಮೂಲಕ ಮೈಟ್ನರ್ ಅವರಿಗೆ ವಿಕಿರಣಶೀಲತೆಯ ಪರಿಚಯವಾಯಿತು.

ಬರ್ಲಿನ್ನಿನಲ್ಲಿ ಆರಂಭದ ವರ್ಷಗಳು

1907ರಲ್ಲಿ ಮ್ಯಾಕ್ಸ್ ಪ್ಲಾಂಕ್ ಅವರ ಉಪನ್ಯಾಸಗಳನ್ನು ಕೇಳಲೆಂದು ಮೈಟ್ನರ್ ಬರ್ಲಿನ್ನಿಗೆ ಹೋದರು. ಅಲ್ಲಿ ತಮ್ಮದೇ ವಯಸ್ಸಿನ ರಸಾಯನವಿಜ್ಞಾನಿ ಆಟೊ ಹಾನ್ ಜೊತೆ ಕೆಲಸ ಆರಂಭಿಸಿದರು. ಹಾನ್ ಇದ್ದದ್ದು ಎಮಿಲ್ ಫಿಶರ್ ಅವರ ರಸಾಯನವಿಜ್ಞಾನ ಸಂಸ್ಥೆಯಲ್ಲಿ. ಪ್ರಷ್ಯಾದ ವಿಶ್ವವಿದ್ಯಾಲಯಗಳಿಗೆ ಮಹಿಳೆಯರಿಗೆ ಇನ್ನೂ ಪ್ರವೇಶವಿರಲಿಲ್ಲವಾದ್ದರಿಂದ, ನೆಲಮಾಳಿಗೆಯಲ್ಲಿ ಹಿಂದೆ ಮರಗೆಲಸಕ್ಕಿದ್ದ ಕೋಣೆಯಲ್ಲಿ ಮಾತ್ರ ಇರಬಹುದು, ವಿದ್ಯಾರ್ಥಿಗಳಿರುವ ಮೇಲಿನ ಪ್ರಯೋಗಾಲಯಗಳಿಗೆ ಕಾಲಿಡಬಾರದು ಎಂಬ ಷರತ್ತಿನ ಮೇಲೆ ಮೈಟ್ನರ್ ಅವರಿಗೆ ಅನುಮತಿ ದೊರೆಯಿತು. ಆ ಕೋಣೆಗೆ ಬೀದಿಯಿಂದಲೇ ಪ್ರತ್ಯೇಕ ಬಾಗಿಲಿತ್ತು. ಶೌಚಾಲಯಕ್ಕೆ ಹತ್ತಿರದ ಹೋಟೆಲಿಗೆ ಹೋಗಬೇಕಾಗಿತ್ತು. ಕೆಲವೇ ಸಮಯದಲ್ಲಿ ಪ್ರಷ್ಯಾದ ನಿಯಮ ಬದಲಾದ ಮೇಲೆ ಈ ನಿರ್ಬಂಧ ಸಡಿಲಗೊಂಡಿತು. ಸಂಬಳ ಮಾತ್ರ ಹಲವು ವರ್ಷ ಇರಲಿಲ್ಲ. ತಂದೆ ಕಳುಹಿಸುತ್ತಿದ್ದ ಹಣವೇ ಆಧಾರ. 1912ರಲ್ಲಿ ಇವರು ಪ್ಲಾಂಕ್ ಅವರ ಸಹಾಯಕರಾಗಿ ನೇಮಕಗೊಂಡರು. ಅದೇ ವರ್ಷ ಇವರ ಮತ್ತು ಹಾನ್ ಅವರ ಕೆಲಸ ಬರ್ಲಿನ್ನಿನ ಡಾಲೆಮ್ ಬಡಾವಣೆಯ ಹೊಸ ಕೈಸರ್ ವಿಲ್ಹೆಲ್ಮ್ ರಸಾಯನವಿಜ್ಞಾನ ಸಂಸ್ಥೆಗೆ ಸ್ಥಳಾಂತರಗೊಂಡಿತು.

ಮೊದಲ ಮಹಾಯುದ್ಧದಲ್ಲಿ ಮೈಟ್ನರ್ ಆಸ್ಟ್ರಿಯಾ ಸೇನೆಯ ಆಸ್ಪತ್ರೆಗಳಲ್ಲಿ ಕ್ಷ-ಕಿರಣ ವಿಭಾಗದ ಶುಶ್ರೂಷಕಿಯಾಗಿ ದುಡಿದರು. ಮರಳಿದ ನಂತರ, ಹಾನ್ ಬಹುಪಾಲು ಸೇನಾ ಸೇವೆಯಲ್ಲಿದ್ದಾಗ, ಆಕ್ಟಿನಿಯಂ ಯಾವ ಧಾತುವಿನಿಂದ ಹುಟ್ಟುತ್ತದೆ ಎಂಬ ಹುಡುಕಾಟವನ್ನು ಹೆಚ್ಚಾಗಿ ತಾವೊಬ್ಬರೇ ಮುಂದುವರಿಸಿದರು. 1918ರಲ್ಲಿ ಪ್ರಕಟವಾದ ಪ್ರೊಟ್ಯಾಕ್ಟಿನಿಯಂನ ದೀರ್ಘಾಯು ಸಮಸ್ಥಾನಿಯ ಶೋಧ ಇದರ ಫಲ. ಪ್ರಬಂಧದಲ್ಲಿ ಹಾನ್ ಹೆಸರು ಮೊದಲು ಬಂದಿದೆ. ಈ ವೇಳೆಗೆ ಸಂಸ್ಥೆಯ ಭೌತವಿಜ್ಞಾನ ವಿಭಾಗ ಇವರ ಹೊಣೆಗೆ ಬಂದಿತ್ತು. 1922ರಲ್ಲಿ ವಿಶ್ವವಿದ್ಯಾಲಯದಲ್ಲಿ ಬೋಧಿಸುವ ಅರ್ಹತೆ ಪಡೆದು, ವಿಶ್ವದ ಪ್ರಕ್ರಿಯೆಗಳಲ್ಲಿ ವಿಕಿರಣಶೀಲತೆಯ ಮಹತ್ವ ಎಂಬ ವಿಷಯದ ಮೇಲೆ ಉಪನ್ಯಾಸ ನೀಡಿದಾಗ, ವಿಶ್ವಕ್ಕೆ ಸಂಬಂಧಿಸಿದ ಆ ಪದವನ್ನು ಪತ್ರಿಕೆಯೊಂದು ಸೌಂದರ್ಯ ಪ್ರಸಾಧನಕ್ಕೆ ಸಂಬಂಧಿಸಿದ್ದೆಂದು ಅಚ್ಚು ಮಾಡಿತು. 1926ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಜರ್ಮನಿಯಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕ ಸ್ಥಾನ ಪಡೆದ ಮೊದಲ ಮಹಿಳೆ ಇವರು.

ಬೀಟಾ ರೋಹಿತದ ಸಮಸ್ಯೆ

ಒಂದು ವಿಕಿರಣಶೀಲ ಧಾತು ಹೊರಸೂಸುವ ಆಲ್ಫಾ ಕಣಗಳಿಗೆ ನಿರ್ದಿಷ್ಟ ಶಕ್ತಿಯಿರುತ್ತದೆ. ಬೀಟಾ ಕಣಗಳಿಗೂ, ಅಂದರೆ ಬೀಜದಿಂದ ಹೊರಬರುವ ಎಲೆಕ್ಟ್ರಾನುಗಳಿಗೂ, ಹಾಗೆಯೇ ಇರಬೇಕೆಂದು ಹಾನ್ ಮತ್ತು ಮೈಟ್ನರ್ ಆರಂಭದಲ್ಲಿ ಭಾವಿಸಿದ್ದರು. ಪ್ರತಿ ಧಾತುವಿಗೂ ಒಂದೇ ಬೀಟಾ ಶಕ್ತಿ ಎಂಬುದು ಅವರ ಊಹೆ. ಇದನ್ನು ಪರೀಕ್ಷಿಸಲು 1910ರಿಂದ ಆಟೊ ಫಾನ್ ಬೇಯರ್ ಜೊತೆ ಸೇರಿ, ಬೀಟಾ ಕಿರಣಗಳನ್ನು ಕಾಂತಕ್ಷೇತ್ರದಲ್ಲಿ ಬಾಗಿಸಿ ಛಾಯಾಫಲಕದ ಮೇಲೆ ಬೀಳಿಸುವ ಉಪಕರಣವನ್ನು ಬಳಸಿದರು. ಕಡಿಮೆ ಶಕ್ತಿಯ ಎಲೆಕ್ಟ್ರಾನು ಹೆಚ್ಚು ಬಾಗುತ್ತದೆ, ಹೆಚ್ಚು ಶಕ್ತಿಯದು ಕಡಿಮೆ. ಫಲಕದ ಮೇಲೆ ತೆಳುವಾದ ಗೆರೆಗಳು ಮೂಡಿದವು. ಆದರೆ ಒಂದು ಧಾತುವಿಗೆ ಒಂದು ಗೆರೆಯಲ್ಲ, ಅನೇಕ ಗೆರೆಗಳು. ಮಾದರಿ ಶುದ್ಧವಾದಷ್ಟೂ ಅವುಗಳ ಸಂಖ್ಯೆ ಹೆಚ್ಚುತ್ತ ಹೋಯಿತು.

ಛಾಯಾಫಲಕಕ್ಕೆ ಒಂದು ದೋಷವಿತ್ತು. ಗೆರೆಗಳು ಅದರಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತವೆ. ಎಲ್ಲ ಕಡೆ ಹರಡಿಕೊಂಡ ಎಲೆಕ್ಟ್ರಾನುಗಳು ಉಂಟುಮಾಡುವ ಸಮನಾದ ಮಬ್ಬು ಹಿನ್ನೆಲೆಯೆಂದು ಕಡೆಗಣಿಸಲ್ಪಡುತ್ತದೆ. 1914ರಲ್ಲಿ ಬರ್ಲಿನ್ನಿನಲ್ಲಿ ಹ್ಯಾನ್ಸ್ ಗೈಗರ್ ಬಳಿ ಕೆಲಸ ಮಾಡುತ್ತಿದ್ದ ಇಂಗ್ಲೆಂಡಿನ ಜೇಮ್ಸ್ ಚಾಡ್ವಿಕ್, ಫಲಕದ ಬದಲು ಎಲೆಕ್ಟ್ರಾನುಗಳನ್ನು ಎಣಿಸುವ ಸಾಧನವನ್ನಿಟ್ಟಾಗ ಚಿತ್ರ ತಲೆಕೆಳಗಾಯಿತು. ಬಹುಪಾಲು ಎಲೆಕ್ಟ್ರಾನುಗಳು ಅವಿಚ್ಛಿನ್ನ ರೋಹಿತದಲ್ಲಿ, ಸೊನ್ನೆಯ ಹತ್ತಿರದಿಂದ ಒಂದು ಗರಿಷ್ಠ ಶಕ್ತಿಯವರೆಗೆ ಎಲ್ಲ ಬೆಲೆಗಳಲ್ಲೂ ಇದ್ದವು. ಗೆರೆಗಳು ಅದರ ಮೇಲಿನ ಸಣ್ಣ ಉಬ್ಬುಗಳು ಮಾತ್ರ. ಅಷ್ಟರಲ್ಲಿ ಯುದ್ಧ ಆರಂಭವಾಗಿ ಚಾಡ್ವಿಕ್ ಅವರನ್ನು ಬರ್ಲಿನ್ನಿನ ರೂಲೆಬೆನ್ ಕುದುರೆ ಪಂದ್ಯದ ಮೈದಾನದಲ್ಲಿ ಮಾಡಿದ್ದ ಶಿಬಿರದಲ್ಲಿ ಬಂಧನದಲ್ಲಿಟ್ಟರು. ಅಲ್ಲಿ ಅವರಿಂದ ಭೌತವಿಜ್ಞಾನ ಕಲಿತ ಸಹಬಂದಿ ಚಾರ್ಲ್ಸ್ ಎಲ್ಲಿಸ್ ಎಂಬ ಯುವಕ ಮುಂದೆ ಕೇಂಬ್ರಿಜ್ ಸೇರಿ, ಇದೇ ವಿಷಯದಲ್ಲಿ ಮೈಟ್ನರ್ ಅವರ ಪ್ರಮುಖ ಪ್ರತಿವಾದಿಯಾದರು.

ಯುದ್ಧದ ನಂತರ ಎಲ್ಲಿಸ್ ತೋರಿಸಿದ್ದು ಇದು: ರೋಹಿತದ ಗೆರೆಗಳು ಕ್ಷಯದಲ್ಲಿ ಹೊರಬಂದ ಎಲೆಕ್ಟ್ರಾನುಗಳವೇ ಅಲ್ಲ. ಬೀಜದಿಂದ ಹೊರಡುವ ಗಾಮಾ ಶಕ್ತಿ ಅದೇ ಪರಮಾಣುವಿನ ಕವಚದ ಎಲೆಕ್ಟ್ರಾನನ್ನು ಕಿತ್ತೊಗೆದಾಗ ಈ ಗೆರೆಗಳು ಹುಟ್ಟುತ್ತವೆ. ಇದಕ್ಕೆ ಆಂತರಿಕ ಪರಿವರ್ತನೆ ಎಂದು ಹೆಸರು. ಆಗ ಎಲೆಕ್ಟ್ರಾನಿನ ಶಕ್ತಿಗೆ, ಅದು ಕವಚಕ್ಕೆ ಕಟ್ಟಿಕೊಂಡಿದ್ದ ಬಂಧನ ಶಕ್ತಿಯನ್ನು ಕೂಡಿಸಿದರೆ ಗಾಮಾ ಕಿರಣದ ಶಕ್ತಿ ಸಿಗುತ್ತದೆ. ಗಾಮಾ ಕಿರಣಗಳ ಶಕ್ತಿಯನ್ನು ನೇರವಾಗಿ ಅಳೆಯುವ ಒಳ್ಳೆಯ ಉಪಕರಣಗಳಿಲ್ಲದ ಆ ಕಾಲದಲ್ಲಿ ಇದೊಂದು ಅಮೂಲ್ಯ ಮಾರ್ಗವಾಯಿತು: ಎಲೆಕ್ಟ್ರಾನುಗಳನ್ನು ಅಳೆದು ಗಾಮಾ ರೋಹಿತವನ್ನು, ಅದರಿಂದ ಬೀಜದೊಳಗಿನ ಶಕ್ತಿಮಟ್ಟಗಳನ್ನು ತಿಳಿಯುವುದು.

ಮೈಟ್ನರ್ ಗೆರೆಗಳ ಈ ವಿವರಣೆಯನ್ನು ಬಹುಮಟ್ಟಿಗೆ ಒಪ್ಪಿದರು. ಅವಿಚ್ಛಿನ್ನ ರೋಹಿತದ ವಿಷಯದಲ್ಲಿ ಒಪ್ಪಲಿಲ್ಲ. ಕ್ವಾಂಟಂ ನಿಯಮಗಳಿಗೆ ಒಳಪಟ್ಟ ಬೀಜ ಒಂದು ನಿರ್ದಿಷ್ಟ ಸ್ಥಿತಿಯಿಂದ ಇನ್ನೊಂದು ನಿರ್ದಿಷ್ಟ ಸ್ಥಿತಿಗೆ ಹೋಗುವಾಗ ಬಿಡುಗಡೆಯಾಗುವ ಶಕ್ತಿಯೂ ನಿರ್ದಿಷ್ಟವಾಗಿರಲೇಬೇಕು ಎಂಬುದು ಇವರ ವಾದ. ಎಲೆಕ್ಟ್ರಾನುಗಳೆಲ್ಲ ಒಂದೇ ಶಕ್ತಿಯಿಂದ ಹೊರಡುತ್ತವೆ, ದಾರಿಯಲ್ಲಿ ಇತರ ಎಲೆಕ್ಟ್ರಾನುಗಳಿಗೆ ಡಿಕ್ಕಿಯಾಗಿ ಅಥವಾ ವಿಕಿರಣ ಸೂಸಿ ಶಕ್ತಿ ಕಳೆದುಕೊಳ್ಳುತ್ತವೆ, ಆದ್ದರಿಂದ ರೋಹಿತ ಹರಡಿಕೊಂಡಂತೆ ಕಾಣುತ್ತದೆ ಎಂದು ಇವರು ಪ್ರತಿಪಾದಿಸಿದರು. ಇದು ಹಟದ ಮಾತಲ್ಲ. ಶಕ್ತಿ ಸಂರಕ್ಷಣಾ ನಿಯಮವನ್ನು ಬಿಟ್ಟುಕೊಡದೆ ಉಳಿಯಲು ಆಗ ಕಾಣುತ್ತಿದ್ದ ಸಮಂಜಸ ದಾರಿ ಅದೇ ಆಗಿತ್ತು. ನೀಲ್ಸ್ ಬೋರ್ ಅಂಥವರು ಆ ನಿಯಮವನ್ನೇ ಸಂಶಯಿಸಲು ಮುಂದಾಗಿದ್ದರು. ಈ ವಾದದ ನಡುವೆ, 1922ರ ಪ್ರಬಂಧವೊಂದರಲ್ಲಿ ಮೈಟ್ನರ್, ಕವಚದಲ್ಲಿ ತೆರವಾದ ಸ್ಥಾನ ತುಂಬುವಾಗ ಬಿಡುಗಡೆಯಾದ ಶಕ್ತಿ ಕ್ಷ-ಕಿರಣವಾಗದೆ ಮತ್ತೊಂದು ಎಲೆಕ್ಟ್ರಾನನ್ನು ಹೊರದೂಡುವ ಪರಿಣಾಮವನ್ನು ವರ್ಣಿಸಿದ್ದರು. ಅನಂತರ ಅದನ್ನು ಸ್ವತಂತ್ರವಾಗಿ ಕಂಡುಹಿಡಿದ ಫ್ರಾನ್ಸಿನ ಪಿಯೆರ್ ಓಜೆ ಅವರ ಹೆಸರಿನಲ್ಲಿ ಅದು ಪ್ರಸಿದ್ಧವಾಗಿದೆ.

ಗಾಮಾ ಕಿರಣ ಹೊರಡುವ ಕ್ರಮ

ಗಾಮಾ ಕಿರಣ ಕ್ಷಯಕ್ಕೆ ಮೊದಲು ಹೊರಡುತ್ತದೆಯೋ, ನಂತರವೋ? ಮೇಲ್ನೋಟಕ್ಕೆ ಸಣ್ಣದಾಗಿ ಕಾಣುವ ಈ ಪ್ರಶ್ನೆಗೆ ಉತ್ತರವಿಲ್ಲದೆ ಯಾವ ಬೀಜದ ಶಕ್ತಿಮಟ್ಟಗಳನ್ನು ಅಳೆಯುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಕ್ಷಯದಲ್ಲಿ ಪರಮಾಣು ಸಂಖ್ಯೆ ಬದಲಾಗುವುದರಿಂದ ಉತ್ತರ ಕವಚಗಳ ಬಂಧನ ಶಕ್ತಿಯಲ್ಲೇ ಅಡಗಿತ್ತು. ಉದಾಹರಣೆಗೆ, ಅತ್ಯಂತ ಒಳಗಿನ ಕೆ ಕವಚದ ಎಲೆಕ್ಟ್ರಾನಿನ ಬಂಧನ ಶಕ್ತಿ ಸೀಸದಲ್ಲಿ ಸುಮಾರು 88,000 ಎಲೆಕ್ಟ್ರಾನ್ ವೋಲ್ಟ್. ಪಕ್ಕದ ಧಾತು ಬಿಸ್ಮತ್‌ನಲ್ಲಿ ಸುಮಾರು 90,500. ಒಂದೇ ಗಾಮಾ ಕಿರಣ ಕೆ ಕವಚದಿಂದಲೂ ಎಲ್ ಕವಚದಿಂದಲೂ ಎಲೆಕ್ಟ್ರಾನುಗಳನ್ನು ಹೊರಹಾಕಿದಾಗ ಮೂಡುವ ಎರಡು ಗೆರೆಗಳ ನಡುವಿನ ಅಂತರವನ್ನು ನಿಖರವಾಗಿ ಅಳೆದರೆ, ಆ ಹೊತ್ತಿಗೆ ಪರಮಾಣು ಹಳೆಯ ಧಾತುವಾಗಿತ್ತೇ ಹೊಸ ಧಾತುವಾಗಿತ್ತೇ ಎಂದು ಹೇಳಬಹುದು. ಎಲ್ಲಿಸ್ ಮೊದಲು ಗಾಮಾ ಕಿರಣ ಕ್ಷಯಕ್ಕೆ ಮುಂಚೆ ಹೊರಡುತ್ತದೆಂದು ಭಾವಿಸಿದ್ದರು. 1925ರ ಸುಮಾರಿಗೆ ಮೈಟ್ನರ್ ಆಕ್ಟಿನಿಯಂ ಸರಣಿಯ ಗೆರೆಗಳನ್ನು ಅಳೆದು, ಗಾಮಾ ಹೊರಡುವುದು ಕ್ಷಯದ ನಂತರ, ಹೊಸದಾಗಿ ಹುಟ್ಟಿದ ಬೀಜದಿಂದ ಎಂದು ಸ್ಥಾಪಿಸಿದರು. ಎಲ್ಲಿಸ್ ಕೂಡ ವಿಲಿಯಂ ವೂಸ್ಟರ್ ಜೊತೆಗಿನ ಅಳತೆಗಳಿಂದ ಇದೇ ತೀರ್ಮಾನಕ್ಕೆ ಬಂದರು. ಬೀಟಾ ಕ್ಷಯದಲ್ಲಿ ಹುಟ್ಟಿದ ಬೀಜ ಉದ್ರಿಕ್ತ ಸ್ಥಿತಿಯಲ್ಲಿರುತ್ತದೆ, ಗಾಮಾ ಕಿರಣಗಳನ್ನು ಸೂಸುತ್ತ ಹಂತಹಂತವಾಗಿ ಕೆಳಗಿಳಿಯುತ್ತದೆ ಎಂಬ ಇಂದಿನ ಪಠ್ಯಪುಸ್ತಕದ ಚಿತ್ರಕ್ಕೆ ಅಡಿಪಾಯ ಇದೇ.

ಉಷ್ಣಮಾಪಕದ ತೀರ್ಪು

ಅವಿಚ್ಛಿನ್ನ ರೋಹಿತದ ವಿವಾದ ಮಾತಿನಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಎಲ್ಲಿಸ್ ಮತ್ತು ವೂಸ್ಟರ್ ಅದಕ್ಕೊಂದು ನೇರವಾದ ಪರೀಕ್ಷೆ ಕಂಡುಕೊಂಡರು. ಅಂದಿನ ಭಾಷೆಯಲ್ಲಿ ರೇಡಿಯಂ-ಇ ಎನಿಸಿಕೊಂಡಿದ್ದ ಬಿಸ್ಮತ್-210 ಅನ್ನು ಅವರು ಆಯ್ದುಕೊಂಡರು. ಸುಮಾರು ಐದು ದಿನಗಳ ಅರ್ಧಾಯುವಿನ ಈ ವಸ್ತು ಬೀಟಾ ಕಣವನ್ನು ಸೂಸುತ್ತದೆ, ಗಾಮಾ ಕಿರಣಗಳನ್ನು ಸೂಸುವುದಿಲ್ಲವೆಂದೇ ಹೇಳಬಹುದು. ಅದನ್ನು ಎಲ್ಲ ಎಲೆಕ್ಟ್ರಾನುಗಳನ್ನೂ ಹೀರಿಕೊಳ್ಳುವಷ್ಟು ದಪ್ಪ ಗೋಡೆಯ ಉಷ್ಣಮಾಪಕದೊಳಗಿಟ್ಟು ಶಾಖವನ್ನು ಅಳೆಯುವುದು ಅವರ ಉಪಾಯ. ಮೈಟ್ನರ್ ಹೇಳಿದಂತೆ ಎಲೆಕ್ಟ್ರಾನುಗಳು ಒಂದೇ ಶಕ್ತಿಯಿಂದ ಹೊರಟು ದಾರಿಯಲ್ಲಿ ಕಳೆದುಕೊಳ್ಳುವುದಾದರೆ, ಕಳೆದುಕೊಂಡದ್ದೂ ಶಾಖವಾಗಿ ಒಳಗೇ ಸಿಕ್ಕಬೇಕು. ಪ್ರತಿ ಕ್ಷಯಕ್ಕೆ ರೋಹಿತದ ಗರಿಷ್ಠ ಶಕ್ತಿಯಾದ ಸುಮಾರು 10 ಲಕ್ಷ ಎಲೆಕ್ಟ್ರಾನ್ ವೋಲ್ಟ್ ದೊರೆಯಬೇಕು. ಎಲೆಕ್ಟ್ರಾನುಗಳು ಹೊರಡುವಾಗಲೇ ಬೇರೆಬೇರೆ ಶಕ್ತಿಯಿಂದ ಹೊರಡುವುದಾದರೆ ರೋಹಿತದ ಸರಾಸರಿಯಷ್ಟು ಮಾತ್ರ ದೊರೆಯಬೇಕು. 1927ರಲ್ಲಿ ಪ್ರಕಟವಾದ ಫಲಿತಾಂಶ ಸುಮಾರು 3,50,000 ಎಲೆಕ್ಟ್ರಾನ್ ವೋಲ್ಟ್; ಅಂದರೆ ಸರಾಸರಿ.

ಈ ಫಲಿತಾಂಶ ಮೈಟ್ನರ್ ಅವರಿಗೆ ಆಘಾತ ತಂದಿತು. ಅದನ್ನು ಅಲ್ಲಗಳೆಯುವ ಬದಲು ಅವರು ವಿಲ್ಹೆಲ್ಮ್ ಓರ್ಟ್‌ಮನ್ ಜೊತೆಗೂಡಿ ಇನ್ನಷ್ಟು ಸೂಕ್ಷ್ಮವಾದ ಉಷ್ಣಮಾಪಕವನ್ನು ಕಟ್ಟಿ ಪ್ರಯೋಗವನ್ನು ಮೊದಲಿನಿಂದ ಮಾಡಿದರು. ಕೆಲಸ ಸುಲಭದ್ದಾಗಿರಲಿಲ್ಲ. ಬಿಸ್ಮತ್-210 ಕ್ಷಯಿಸಿ ಪೊಲೋನಿಯಂ ಆಗುತ್ತದೆ. ಪೊಲೋನಿಯಂನ ಆಲ್ಫಾ ಕಣಗಳ ಶಾಖ ದಿನದಿಂದ ದಿನಕ್ಕೆ ಏರುತ್ತ ಬೀಟಾ ಶಾಖವನ್ನು ಮುಚ್ಚಿಹಾಕುತ್ತದೆ. ಎರಡರ ಏರಿಳಿತವನ್ನೂ ಕಾಲಕ್ಕನುಗುಣವಾಗಿ ಬೇರ್ಪಡಿಸಬೇಕಿತ್ತು. 1929ರ ಕೊನೆಗೆ ಸಿದ್ಧವಾಗಿ 1930ರಲ್ಲಿ ಪ್ರಕಟವಾದ ಬೆಲೆ 3,37,000 ಎಲೆಕ್ಟ್ರಾನ್ ವೋಲ್ಟ್, ಅನಿಶ್ಚಿತತೆ ಶೇಕಡಾ 6ರಷ್ಟು. ಎಲ್ಲಿಸ್ ಹೇಳಿದ್ದು ಸರಿಯಾಗಿತ್ತು.

ಒಂದು ದಾರಿ ಇನ್ನೂ ಉಳಿದಿತ್ತು. ಕಾಣೆಯಾದ ಶಕ್ತಿ ಉಷ್ಣಮಾಪಕದ ಗೋಡೆಯನ್ನು ದಾಟಿ ಹೋಗುವ ಗಾಮಾ ವಿಕಿರಣವಾಗಿ ಹೊರಟಿದ್ದರೆ ಶಾಖದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಮೈಟ್ನರ್ ಮತ್ತು ಓರ್ಟ್‌ಮನ್ ಆಗಷ್ಟೇ ಬಳಕೆಗೆ ಬಂದಿದ್ದ ಗೈಗರ್–ಮುಲ್ಲರ್ ಗಣಕಗಳಿಂದ ಆ ವಿಕಿರಣವನ್ನು ಹುಡುಕಿದರು. ಕಳೆದುಹೋದ ಶಕ್ತಿಯನ್ನು ಸರಿದೂಗಿಸುವಂಥ ಅವಿಚ್ಛಿನ್ನ ಗಾಮಾ ರೋಹಿತ ಕಾಣಲಿಲ್ಲ. ಎಲ್ಲಿಸ್ ಪ್ರಯೋಗ ಒಂದು ಬಾಗಿಲನ್ನು ಮುಚ್ಚಿದ್ದರೆ, ಈ ಗಾಮಾ ಪರೀಕ್ಷೆ ಉಳಿದದ್ದನ್ನೂ ಮುಚ್ಚಿತು. ಹೀಗಾಗಿ ಪುನರಾವರ್ತನೆಯೆಂದು ಮಾತ್ರ ಇದನ್ನು ಎಣಿಸುವುದು ಸರಿಯಲ್ಲ.

ಡಿಸೆಂಬರ್ 4, 1930ರಂದು ವೋಲ್ಫ್‌ಗಾಂಗ್ ಪೌಲಿ, ಟ್ಯೂಬಿಂಗೆನ್ ನಗರದಲ್ಲಿ ಸೇರಿದ್ದ ವಿಕಿರಣಶೀಲತೆಯ ತಜ್ಞರಿಗೆ ಪತ್ರವೊಂದನ್ನು ಬರೆದರು. ಮೈಟ್ನರ್ ಮತ್ತು ಗೈಗರ್ ಆ ಸಭೆಯಲ್ಲಿದ್ದರು. ಎಲೆಕ್ಟ್ರಾನಿನ ಜೊತೆ ವಿದ್ಯುದಂಶವಿಲ್ಲದ, ಉಪಕರಣಗಳಿಗೆ ಸಿಗದ ಹಗುರ ಕಣವೊಂದು ಹೊರಟು ಉಳಿದ ಶಕ್ತಿಯನ್ನು ಒಯ್ಯುತ್ತಿರಬಹುದು ಎಂಬುದು ಪೌಲಿಯವರ ಸಲಹೆ. ಎನ್ರಿಕೊ ಫರ್ಮಿ ಆ ಕಣವನ್ನು ನ್ಯೂಟ್ರಿನೊ ಎಂದು ಕರೆದು, 1933–34ರಲ್ಲಿ ಬೀಟಾ ಕ್ಷಯದ ಸಿದ್ಧಾಂತವನ್ನು ರೂಪಿಸಿದರು. ಶಕ್ತಿ ಸಂರಕ್ಷಣೆಯನ್ನು ಬಿಡಲಾಗದೆಂಬ ಮೈಟ್ನರ್ ಅವರ ನಿಲುವು ಕೊನೆಗೂ ಉಳಿಯಿತು, ಅವರು ಯೋಚಿಸಿದ ರೀತಿಯಲ್ಲಿ ಅಲ್ಲ.

ಇದೇ ಅವಧಿಯಲ್ಲಿ ಹ್ಯಾನ್ಸ್ ಹುಪ್ಫೆಲ್ಡ್ ಜೊತೆ ನಡೆಸಿದ ಗಾಮಾ ಹೀರಿಕೆಯ ಅಳತೆಗಳಲ್ಲಿ, ಥೋರಿಯಂ ಸರಣಿಯ ಸುಮಾರು 26 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗಾಮಾ ಕಿರಣಗಳು ಸೀಸದಂಥ ಭಾರ ಧಾತುಗಳಲ್ಲಿ ನಿರೀಕ್ಷೆಗಿಂತ ಹೆಚ್ಚು ಕುಗ್ಗುವುದು ಕಂಡುಬಂತು. ಗಾಮಾ ಕಿರಣ ಎಲೆಕ್ಟ್ರಾನು ಮತ್ತು ಪಾಸಿಟ್ರಾನುಗಳ ಜೋಡಿಯಾಗಿ ಮಾರ್ಪಡುತ್ತದೆ ಎಂಬ ವಿವರಣೆ ಕೆಲವು ವರ್ಷಗಳ ನಂತರ ದೊರೆಯಿತು.

ದೇಶತ್ಯಾಗ ಮತ್ತು ವಿದಳನ

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಯಹೂದಿ ಮೂಲದ ಕಾರಣಕ್ಕೆ ಮೈಟ್ನರ್ ಬೋಧನೆಯ ಹಕ್ಕನ್ನು ಕಳೆದುಕೊಂಡರು. ಅವರು 1908ರಲ್ಲೇ ಪ್ರಾಟೆಸ್ಟಂಟ್ ಕ್ರೈಸ್ತರಾಗಿದ್ದರು. ಕಾನೂನಿನ ದೃಷ್ಟಿಯಲ್ಲಿ ಅದು ಗಣನೆಗೆ ಬರಲಿಲ್ಲ. ಆಸ್ಟ್ರಿಯಾದ ಪೌರತ್ವವಿದ್ದುದರಿಂದ ಸಂಸ್ಥೆಯಲ್ಲಿ ಮಾತ್ರ ಉಳಿಯಲು ಸಾಧ್ಯವಾಯಿತು. 1934ರಲ್ಲಿ ಹಾನ್ ಅವರನ್ನು ಒಪ್ಪಿಸಿ, ಯುರೇನಿಯಂ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿದಾಗ ಹುಟ್ಟುವ ವಸ್ತುಗಳ ಅಧ್ಯಯನವನ್ನು ಆರಂಭಿಸಿದರು. ಫ್ರಿಟ್ಸ್ ಸ್ಟ್ರಾಸ್‌ಮನ್ ಅವರೂ ಸೇರಿಕೊಂಡರು. ಮಾರ್ಚ್ 1938ರಲ್ಲಿ ಆಸ್ಟ್ರಿಯಾ ಜರ್ಮನಿಯಲ್ಲಿ ವಿಲೀನವಾದಾಗ ಪೌರತ್ವದ ರಕ್ಷಣೆ ಹೋಯಿತು. ಜುಲೈ 13, 1938ರಂದು ಡಚ್ ಭೌತವಿಜ್ಞಾನಿ ಡಿರ್ಕ್ ಕೋಸ್ಟರ್ ಅವರ ನೆರವಿನಿಂದ ಮೈಟ್ನರ್ ರೈಲಿನಲ್ಲಿ ನೆದರ್ಲೆಂಡ್ಸ್ ಗಡಿ ದಾಟಿದರು. ಕೈಯಲ್ಲಿದ್ದದ್ದು ಹತ್ತು ಮಾರ್ಕ್ ಹಣ ಮತ್ತು ಅಗತ್ಯ ಬಿದ್ದರೆ ಬಳಸಲೆಂದು ಹಾನ್ ಕೊಟ್ಟಿದ್ದ, ಅವರ ತಾಯಿಯ ವಜ್ರದುಂಗುರ. ಅಲ್ಲಿಂದ ಸ್ಟಾಕ್‌ಹೋಮಿನಲ್ಲಿ ಮಾನೆ ಸೀಗ್‌ಬಾನ್ ಅವರ ಸಂಸ್ಥೆಗೆ ಸೇರಿದರು. ಸ್ಥಳವಿತ್ತು, ಉಪಕರಣಗಳಾಗಲಿ ಸಹಾಯಕರಾಗಲಿ ಇರಲಿಲ್ಲ. ಆಗ ಅವರಿಗೆ ಐವತ್ತೊಂಬತ್ತು ವರ್ಷ.

ಹಾನ್ ಮತ್ತು ಮೈಟ್ನರ್ ಪತ್ರಗಳ ಮೂಲಕ ಚರ್ಚೆ ಮುಂದುವರಿಸಿದರು. ಡಿಸೆಂಬರ್ 1938ರಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂನಿಂದ ಬೇರಿಯಂ ಹುಟ್ಟಿದ್ದನ್ನು ಕಂಡು, ಕಾರಣ ತಿಳಿಯದೆ ಮೈಟ್ನರ್ ಅವರಿಗೆ ಬರೆದರು. ಕ್ರಿಸ್‌ಮಸ್ ರಜೆಗೆ ಕುಂಗೆಲ್ವ್ ಎಂಬ ಊರಿನಲ್ಲಿದ್ದ ಮೈಟ್ನರ್, ಅಲ್ಲಿಗೆ ಬಂದ ಫ್ರಿಶ್ ಜೊತೆ ಹಿಮದಲ್ಲಿ ನಡೆದಾಡುತ್ತ ಇದನ್ನು ಚರ್ಚಿಸಿದರು. ಬೀಜವನ್ನು ದ್ರವದ ಹನಿಯಂತೆ ಭಾವಿಸಿದರೆ ಅದು ಉದ್ದಕ್ಕೆ ಹಿಗ್ಗಿ ಎರಡಾಗಬಹುದು. ಹಾಗಾದಾಗ ಪ್ರೋಟಾನಿನ ಐದನೆಯ ಒಂದು ಭಾಗದಷ್ಟು ದ್ರವ್ಯರಾಶಿ ನಷ್ಟವಾಗಿ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ ಎಂದು ಮೈಟ್ನರ್ ಲೆಕ್ಕ ಹಾಕಿದರು. ಈ ವಿವರಣೆ ಫೆಬ್ರುವರಿ 11, 1939ರ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು.

1944ನೇ ಸಾಲಿನ ರಸಾಯನವಿಜ್ಞಾನದ ನೊಬೆಲ್ ಪುರಸ್ಕಾರ ಹಾನ್ ಒಬ್ಬರಿಗೇ ಸಂದಿತು. ಮೈಟ್ನರ್ ಹೆಸರು ರಸಾಯನ ಮತ್ತು ಭೌತ ಎರಡೂ ವಿಭಾಗಗಳಲ್ಲಿ ಅನೇಕ ಬಾರಿ ಸೂಚಿತವಾಗಿದ್ದರೂ ಪುರಸ್ಕಾರ ದೊರೆಯಲಿಲ್ಲ. ಭೌತವಿಜ್ಞಾನಿಯ ಪಾಲನ್ನು ರಸಾಯನವಿಜ್ಞಾನದ ಸಮಿತಿ ಸರಿಯಾಗಿ ಅಳೆಯಲಿಲ್ಲ, ಪರದೇಶದಲ್ಲಿದ್ದ ಸಹೋದ್ಯೋಗಿಯ ಹೆಸರನ್ನು ಪ್ರಬಂಧದಲ್ಲಿ ಸೇರಿಸಲು ನಾಜಿ ಜರ್ಮನಿಯಲ್ಲಿ ಆಸ್ಪದವಿರಲಿಲ್ಲ ಎಂಬುದು ವಿಜ್ಞಾನ ಇತಿಹಾಸಕಾರರು ಕೊಡುವ ಕಾರಣಗಳು. ಪರಮಾಣು ಬಾಂಬಿನ ಯೋಜನೆಗೆ ಬಂದ ಆಹ್ವಾನವನ್ನು ಮೈಟ್ನರ್ 1943ರಲ್ಲಿ ನಿರಾಕರಿಸಿದ್ದರು. ಯುದ್ಧಾನಂತರ ಅವರು ನಾಜಿ ಆಡಳಿತದ ಅಡಿಯಲ್ಲಿ ಸುಮ್ಮನಿದ್ದ ಜರ್ಮನ್ ಸಹೋದ್ಯೋಗಿಗಳನ್ನು ಕಟುವಾಗಿ ಟೀಕಿಸಿದರು; 1938ರವರೆಗೆ ತಾವೂ ಬರ್ಲಿನ್ನಿನಲ್ಲಿ ಉಳಿದದ್ದು ತಪ್ಪೆಂದು ಒಪ್ಪಿಕೊಂಡರು. ಹಾನ್ ಅವರೊಂದಿಗಿನ ಸ್ನೇಹವನ್ನು ಮಾತ್ರ ಕೊನೆಯವರೆಗೂ ಕಡಿದುಕೊಳ್ಳಲಿಲ್ಲ.

ಕೊನೆಯ ವರ್ಷಗಳು

1947ರಿಂದ ಸ್ಟಾಕ್‌ಹೋಮಿನ ರಾಯಲ್ ತಾಂತ್ರಿಕ ಸಂಸ್ಥೆಯಲ್ಲಿ ಕೆಲಸ ಮಾಡಿದ ಮೈಟ್ನರ್, 1960ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ತೆರಳಿ ಫ್ರಿಶ್ ಕುಟುಂಬದ ಸಮೀಪ ನೆಲೆಸಿದರು. 1949ರಲ್ಲಿ ಮ್ಯಾಕ್ಸ್ ಪ್ಲಾಂಕ್ ಪದಕ, 1955ರಲ್ಲಿ ರಾಯಲ್ ಸೊಸೈಟಿಯ ವಿದೇಶೀ ಸದಸ್ಯತ್ವ, 1966ರಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಜೊತೆ ಎನ್ರಿಕೊ ಫರ್ಮಿ ಪ್ರಶಸ್ತಿ ಇವರಿಗೆ ಸಂದವು. ಅಕ್ಟೋಬರ್ 27, 1968ರಂದು ನಿಧನರಾದರು. ಹಾನ್ ಮೂರು ತಿಂಗಳ ಹಿಂದೆಯಷ್ಟೇ ತೀರಿಕೊಂಡಿದ್ದರು. ಹ್ಯಾಂಪ್‌ಶೈರಿನ ಬ್ರಾಮ್ಲಿಯಲ್ಲಿ ಕಿರಿಯ ಸೋದರ ವಾಲ್ಟರ್ ಸಮಾಧಿಯ ಬಳಿ ಇವರ ಸಮಾಧಿಯಿದೆ. 109ನೇ ಧಾತುವಿಗೆ 1997ರಲ್ಲಿ ಮೈಟ್ನೇರಿಯಂ ಎಂಬ ಹೆಸರು ಅಧಿಕೃತವಾಯಿತು.

ಮುಂದಿನ ಬೆಳವಣಿಗೆಗಳು

ಬೀಟಾ ಕ್ಷಯದ ಕಾಣದ ಕಣವನ್ನು 1956ರಲ್ಲಿ ಅಮೆರಿಕದ ಫ್ರೆಡರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಪರಮಾಣು ಸ್ಥಾವರವೊಂದರ ಬಳಿ ಪತ್ತೆಹಚ್ಚಿದರು. ಕರ್ನಾಟಕಕ್ಕೂ ಈ ಕಥೆಯಲ್ಲಿ ಒಂದು ಸ್ಥಾನವಿದೆ. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1965ರಲ್ಲಿ, ವಾತಾವರಣದಲ್ಲಿ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ನ್ಯೂಟ್ರಿನೊಗಳ ಕುರುಹನ್ನು ದಾಖಲಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲಿ ರೈನ್ಸ್ ತಂಡಕ್ಕೂ ಇಂಥ ಕುರುಹು ದೊರೆಯಿತು. ಮೈಟ್ನರ್ ಆಗ ಬದುಕಿದ್ದರು.

ಗಾಮಾ ರೋಹಿತದ ತಂತ್ರಗಳೂ ಬದಲಾದವು. 1940ರ ದಶಕದ ಕೊನೆಗೆ ಸೋಡಿಯಂ ಅಯೊಡೈಡ್ ಹರಳುಗಳು, 1960ರ ದಶಕದಲ್ಲಿ ಜರ್ಮೇನಿಯಂ ಶೋಧಕಗಳು ಬಂದ ಮೇಲೆ ಗಾಮಾ ಕಿರಣಗಳನ್ನು ನೇರವಾಗಿ ಅಳೆಯುವುದು ರೂಢಿಯಾಯಿತು. ಆದರೆ ಜರ್ಮೇನಿಯಂ ಶೋಧಕವೂ ಛಾಯಾಫಲಕದಂತೆ ಎದ್ದುಕಾಣುವ ಗೆರೆಗಳನ್ನು ಹಿಡಿದು, ಅನೇಕ ಕಡೆ ಹಂಚಿಹೋದ ದುರ್ಬಲ ಗಾಮಾ ಕಿರಣಗಳನ್ನು ಬಿಟ್ಟುಬಿಡುತ್ತದೆ ಎಂದು 1977ರಲ್ಲಿ ಜಾನ್ ಹಾರ್ಡಿ ಮತ್ತು ಸಂಗಡಿಗರು ಎಚ್ಚರಿಸಿದರು. ಇದಕ್ಕೆ ಪರಿಹಾರವಾಗಿ ಬಳಕೆಯಲ್ಲಿರುವುದು ಪೂರ್ಣ ಹೀರಿಕೆಯ ಗಾಮಾ ರೋಹಿತಮಾಪನ. ಮಾದರಿಯನ್ನು ಎಲ್ಲ ದಿಕ್ಕುಗಳಿಂದಲೂ ದೊಡ್ಡ ಹರಳು ಸುತ್ತುವರಿದು, ಒಂದು ಕ್ಷಯದ ನಂತರ ಹೊರಡುವ ಎಲ್ಲ ಗಾಮಾ ಕಿರಣಗಳ ಒಟ್ಟು ಶಕ್ತಿಯನ್ನು ಒಂದೇ ಬಾರಿಗೆ ಹಿಡಿಯುತ್ತದೆ. ಅಳೆಯುವ ವಸ್ತು ಬೇರೆಯಾದರೂ, ಬಿಡಿ ಕಣಗಳ ಬದಲು ಮೊತ್ತವನ್ನು ಅಳೆಯುವ ಉಷ್ಣಮಾಪಕದ ಉಪಾಯವೇ ಇಲ್ಲಿಯೂ ಇದೆ. ಇದರ ಉಪಯೋಗ ಪ್ರಯೋಗಾಲಯಕ್ಕೆ ಸೀಮಿತವಲ್ಲ. ಉತ್ತರ ಕನ್ನಡ ಜಿಲ್ಲೆಯ ಕೈಗಾದಂಥ ಪರಮಾಣು ವಿದ್ಯುತ್ ಸ್ಥಾವರವನ್ನು ನಿಲ್ಲಿಸಿದ ಕೂಡಲೇ ವಿದಳನ ನಿಂತರೂ, ವಿದಳನದ ಚೂರುಗಳು ಬೀಟಾ ಕ್ಷಯಕ್ಕೆ ಒಳಗಾಗುತ್ತಲೇ ಇರುವುದರಿಂದ ಆರಂಭದಲ್ಲಿ ಪೂರ್ಣ ಉಷ್ಣಸಾಮರ್ಥ್ಯದ ಶೇಕಡಾ 6ರಿಂದ 7ರಷ್ಟು ಶಾಖ ಹೊಮ್ಮುತ್ತಿರುತ್ತದೆ. ಅದರಲ್ಲಿ ಬೀಟಾ ಕಣಗಳ ಪಾಲೆಷ್ಟು, ಗಾಮಾ ಕಿರಣಗಳ ಪಾಲೆಷ್ಟು ಎಂಬ ಲೆಕ್ಕಕ್ಕೆ ಈ ಅಳತೆಗಳನ್ನು ಬಳಸಲಾಗುತ್ತದೆ. ನ್ಯೂಟ್ರಿನೊಗಳು ಒಯ್ಯುವ ಪಾಲು ಸ್ಥಾವರದ ಗೋಡೆಗಳನ್ನು ದಾಟಿ ಹೊರಗೆ ಹೋಗುತ್ತದೆ.